ಹೋಮ್ ಡೈರೆಕ್ಟರಿ

ಹೋಮ್ ಡೈರೆಕ್ಟರಿಯು ಲಿನಕ್ಸ್ ಮತ್ತು ಯುನಿಕ್ಸ್ ಮಾದರಿಯ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಪ್ರತಿಯೊಬ್ಬ ಬಳಕೆದಾರನ ಕಡತಗಳಿಗೂ ವೈಯಕ್ತಿಕ ಸಿದ್ಧತೆಗಳಿಗೂ ಮೀಸಲಾದ ಕೋಶ. ಲಿನಕ್ಸ್‌ನಲ್ಲಿ ಇದು ಸಾಮಾನ್ಯವಾಗಿ 'ಹೋಮ್' ಎಂಬ ಕೋಶದೊಳಗೆ ಬಳಕೆದಾರನ ಹೆಸರಿನಲ್ಲಿಯೇ ಇರುತ್ತದೆ. ಕರ್ನಾಟಕದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗಾಗಿ ನಡೆದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟು ಬಳಕೆಯಾದುದರಿಂದ ಈ ಏರ್ಪಾಡು ರಾಜ್ಯದ ಅನೇಕ ಶಿಕ್ಷಕರಿಗೆ ಪರಿಚಿತವಾಗಿದೆ.

ಹೊಸ ವ್ಯವಸ್ಥೆಯನ್ನು ಸ್ಥಾಪಿಸಿದ ಬಳಿಕ, ಗುಪ್ತಪದ ಸರಿಯಿದ್ದರೂ ಪರದೆಯು ಲಾಗಿನ್ ಪುಟಕ್ಕೇ ಮರಳುವುದುಂಟು. ಕಡತಗಳೆಲ್ಲ ಅಳಿದವೆಂದು ಭಾವಿಸಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದರೆ ಮಾತ್ರ ಅವು ನಿಜವಾಗಿಯೂ ಅಳಿಯುತ್ತವೆ. ಅಲ್ಲಿಯವರೆಗೆ ಅವು ಬಹುತೇಕ ಇದ್ದಲ್ಲಿಯೇ ಇರುತ್ತವೆ, ಬದಲಾಗಿರುವುದು ಒಡೆತನ.

ಹೆಸರು ಮತ್ತು ಸಂಖ್ಯೆ

ಲಿನಕ್ಸ್ ಕಡತದ ಒಡೆಯನನ್ನು ಹೆಸರಿನಿಂದಲ್ಲ, ಸಂಖ್ಯೆಯಿಂದ ಗುರುತಿಸುತ್ತದೆ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಮೊದಲ ಬಳಕೆದಾರನಿಗೆ 1000, ನಂತರದವರಿಗೆ 1001, 1002 ಹೀಗೆ ಸಂಖ್ಯೆ ದೊರೆಯುತ್ತದೆ. ಉದಾಹರಣೆಗೆ, ಹಳೆಯ ಗಣಕಯಂತ್ರವೊಂದರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ಖಾತೆಗಳನ್ನು ಇದೇ ಕ್ರಮದಲ್ಲಿ ತೆರೆಯಲಾಗಿತ್ತೆಂದು ಇಟ್ಟುಕೊಳ್ಳೋಣ. ಅದರ ಡಿಸ್ಕನ್ನು ಹೊಸ ಯಂತ್ರಕ್ಕೆ ಜೋಡಿಸಿ, ಅದೇ ಖಾತೆಗಳನ್ನು ಇಂಗ್ಲಿಷ್ ಅಕ್ಷರಕ್ರಮದಲ್ಲಿ ತೆರೆದರೆ ಗಂಗಾವತಿಗೆ 1000, ಕೊಪ್ಪಳಕ್ಕೆ 1001 ಸಿಗುತ್ತದೆ. ಕುಷ್ಟಗಿ, ಯಲಬುರ್ಗಾಗಳ ಸಂಖ್ಯೆ ಬದಲಾಗದ ಕಾರಣ ಅವು ಸುಸೂತ್ರವಾಗಿ ತೆರೆದುಕೊಳ್ಳುತ್ತವೆ. ಮೊದಲೆರಡು ಖಾತೆಗಳು ಮಾತ್ರ ಪರಸ್ಪರರ ಕೋಶಗಳಿಗೆ ಒಡೆಯರಾಗಿ, ಸ್ವಂತ ಕೋಶದಲ್ಲಿ ಬರೆಯಲಾರದೆ ಹೊರಗುಳಿಯುತ್ತವೆ. ನಾಲ್ವರಲ್ಲಿ ಇಬ್ಬರಿಗಷ್ಟೇ ತೊಂದರೆಯಾಗುವುದರಿಂದ ದೋಷ ಗುಪ್ತಪದದ್ದೆಂಬ ತಪ್ಪು ಗ್ರಹಿಕೆ ಹುಟ್ಟುತ್ತದೆ.

ಉಬುಂಟು 21.04ರಿಂದ ಹೊಸ ಹೋಮ್ ಡೈರೆಕ್ಟರಿಗಳನ್ನು ಇತರ ಬಳಕೆದಾರರು ಓದಲಾರದಂತೆ 750 ಅನುಮತಿಯೊಂದಿಗೆ ರಚಿಸಲಾಗುತ್ತದೆ. ಅಂತಹ ಕೋಶದ ಒಡೆತನ ತಪ್ಪಿದರೆ ಒಳಗೆ ಇಣುಕಲೂ ಆಗದು.

ಪರಿಹಾರ

ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಕ್ಷರಮಾತ್ರದ ಪರದೆ ದೊರೆಯುತ್ತದೆ. ಅಲ್ಲಿ ಲಾಗಿನ್ ಆದರೆ ಗುಪ್ತಪದ ಸರಿಯಿದೆ, ದೋಷ ಬೇರೆಡೆ ಇದೆ ಎಂದರ್ಥ. 'ಐಡಿ' ಆದೇಶವು ಬಳಕೆದಾರನ ಸಂಖ್ಯೆಯನ್ನೂ, 'ಎಲ್ಎಸ್' ಆದೇಶವು ಎಲ್ ಮತ್ತು ಎನ್ ಆಯ್ಕೆಗಳೊಂದಿಗೆ ಕೋಶದ ಒಡೆಯನ ಸಂಖ್ಯೆಯನ್ನೂ ತೋರಿಸುತ್ತವೆ. ಎರಡೂ ಹೊಂದದಿದ್ದರೆ ಆಡಳಿತಾಧಿಕಾರವುಳ್ಳ ಖಾತೆಯಿಂದ 'ಚೌನ್' ಆದೇಶ ನೀಡಿ ಒಡೆತನ ಸರಿಪಡಿಸಬೇಕು. ಎಲ್ಲರಿಗೂ ಎಲ್ಲ ಅನುಮತಿ ಕೊಡುವ 777 ಎಂಬ ಸುಲಭೋಪಾಯವನ್ನು ಹಲವರು ಸೂಚಿಸುತ್ತಾರೆ. ಅದು ಬೀಗ ಕೆಟ್ಟಿತೆಂದು ಬಾಗಿಲನ್ನೇ ಕಿತ್ತಿಟ್ಟಂತೆ. ಒಬ್ಬ ವಿದ್ಯಾರ್ಥಿಯ ಕಡತವನ್ನು ಯಾರು ಬೇಕಾದರೂ ಅಳಿಸಬಹುದು.

ಇತರ ಕಾರಣಗಳು

ಡೆಬಿಯನ್‌ನಲ್ಲಿ 'ಯೂಸರ್‌ಆಡ್' ಆದೇಶವು ಎಂ ಆಯ್ಕೆ ನೀಡದಿದ್ದರೆ ಹೋಮ್ ಡೈರೆಕ್ಟರಿಯನ್ನು ರಚಿಸುವುದಿಲ್ಲ, 'ಆಡ್‌ಯೂಸರ್' ರಚಿಸುತ್ತದೆ. ಡಿಸ್ಕ್ ಪೂರ್ಣ ತುಂಬಿದಾಗಲೂ ಲಾಗಿನ್ ಪರದೆ ಮರುಕಳಿಸುತ್ತದೆ. ಇದನ್ನು 'ಡಿಎಫ್' ಆದೇಶದಿಂದ ಪರಿಶೀಲಿಸಬಹುದು.

ಕನ್ನಡದಲ್ಲಿ ಬಳಸುವವರಿಗೆ ಇನ್ನೆರಡು ಸಂಗತಿಗಳು ತಿಳಿದಿರಬೇಕು. ಕೀಲಿಮಣೆ ಕನ್ನಡ ವಿನ್ಯಾಸದಲ್ಲಿದ್ದಾಗ ಗುಪ್ತಪದವು ಚುಕ್ಕೆಗಳಾಗಿ ಕಾಣುವುದರಿಂದ, ಮೂಡಿದ ಅಕ್ಷರ ಕನ್ನಡದ್ದೆಂದು ತಿಳಿಯದು. ವ್ಯವಸ್ಥೆಯ ಭಾಷೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಿಸಿದರೆ ಡಾಕ್ಯುಮೆಂಟ್ಸ್ ಮೊದಲಾದ ಕೋಶಗಳಿಗೂ ಕನ್ನಡ ಹೆಸರಿಡಬೇಕೇ ಎಂದು ಗ್ನೋಮ್ ಕೇಳುತ್ತದೆ. ಒಪ್ಪಿದರೆ ಹೊಸ ಹೆಸರಿನ ಖಾಲಿ ಕೋಶ ಹುಟ್ಟುತ್ತದೆ. ಕಡತಗಳಿರುವ ಹಳೆಯ ಕೋಶವು ಇಂಗ್ಲಿಷ್ ಹೆಸರಿನಲ್ಲಿ ಅದರ ಪಕ್ಕದಲ್ಲಿಯೇ ಉಳಿದಿರುತ್ತದೆ.