ಹಳೆಯ ಕಾರಿನ ಅಸಲಿತನ

1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ ಪಟ್ಟಣದ ಇಪ್ಪತ್ತನಾಲ್ಕು ಗಂಟೆಗಳ ಓಟವನ್ನು ಒಂದೇ ಕಾರು ಗೆದ್ದಿತು. ಅದು ಇಂಗ್ಲೆಂಡಿನ ಬೆಂಟ್ಲಿ ಸ್ಪೀಡ್ ಸಿಕ್ಸ್. ಅದಕ್ಕೆ ಬಂದ ಹೆಸರು ‘ಓಲ್ಡ್ ನಂಬರ್ ಒನ್’. ಓಟದಿಂದ ಓಟಕ್ಕೆ ಅದರ ಭಾಗಗಳು ಬದಲಾದವು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಅಪಘಾತವಾಗಿ ಚಾಲಕ ಕ್ಲೈವ್ ಡನ್‌ಫೀ ಮೃತಪಟ್ಟರು. ತರುವಾಯ ಕಾರಿಗೆ ಹೊಸ ಒಡಲನ್ನೇ ಕಟ್ಟಲಾಯಿತು.

1990ರಲ್ಲಿ ಅದನ್ನು ಒಂದು ಕೋಟಿ ಪೌಂಡಿಗೆ ಮಾರುವ ಒಪ್ಪಂದವಾಯಿತು. ಇದು ಅಸಲಿಯಲ್ಲವೆಂದು ಕೊಳ್ಳುವವರು ಹಿಂದೆಗೆದಾಗ ವ್ಯಾಜ್ಯ ಲಂಡನ್ನಿನ ಹೈಕೋರ್ಟಿನ ಮೆಟ್ಟಿಲೇರಿತು. ಗೆದ್ದ ದಿನಗಳ ಭಾಗಗಳು ಬಹುಮಟ್ಟಿಗೆ ಉಳಿದಿಲ್ಲವೆಂದು ಕಂಡುಕೊಂಡರೂ ನ್ಯಾಯಮೂರ್ತಿ ಆಟನ್ ಮಾರುವವರ ಪರವಾಗಿಯೇ ತೀರ್ಪಿತ್ತರು. ಕಾರಿನ ಚರಿತ್ರೆ ಎಲ್ಲಿಯೂ ಕಡಿದಿರಲಿಲ್ಲ. ಆ ಹೆಸರಿಗೆ ಹಕ್ಕುಳ್ಳ ಬೇರೊಂದು ಕಾರೂ ಇರಲಿಲ್ಲ.

ಇದಕ್ಕೆ ಇನ್ನೊಂದು ಮುಖವೂ ಉಂಟು. 2015ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ 1961ರ ಫೆರಾರಿ ಕ್ಯಾಲಿಫೋರ್ನಿಯಾ ಸ್ಪೈಡರ್ ಒಂದಕ್ಕೆ 1.6 ಕೋಟಿ ಯೂರೋಗೂ ಮಿಗಿಲಾದ ಬೆಲೆ ಬಂದಿತು. ದಶಕಗಳ ಕಾಲ ಮೂಲೆಗುಂಪಾಗಿದ್ದ ಆ ಕಾರನ್ನು ದುರಸ್ತಿ ಮಾಡದೆ, ಧೂಳಿನೊಡನೆಯೇ ಹರಾಜಿಗಿಟ್ಟಿದ್ದರು!

ಇತಿಹಾಸ ಬೋಧಿಸಿದ ನನಗೆ ಇವೆರಡರಲ್ಲೂ ಒಂದೇ ಪಾಠ ಕಾಣುತ್ತದೆ. ಬೆಲೆ ಬರುವುದು ಹೊಳಪಿಗಲ್ಲ, ಸಾಕ್ಷ್ಯಕ್ಕೆ. ಶಾಸನದ ಮಾಸಿದ ಅಕ್ಷರಗಳನ್ನು ಹೊಸದಾಗಿ ಕೆತ್ತಿದರೆ ಓದಲು ಸುಲಭ. ಆದರೆ ಅದು ನಮ್ಮ ಕಾಲದ ಬರಹವಾಗಿಬಿಡುತ್ತದೆ. ಜೀರ್ಣೋದ್ಧಾರ ಬೇಡವೆಂದಲ್ಲ. ಏನನ್ನು, ಯಾವಾಗ ಬದಲಿಸಿದೆವೆಂದು ಬರೆದಿಡಬೇಕು. ಅಟ್ಟದ ಮೇಲಿನ ಅಜ್ಜನ ಗಡಿಯಾರವನ್ನು ಉಜ್ಜುವ ಮುನ್ನ, ಮಕ್ಕಳೇ, ಇದನ್ನೊಮ್ಮೆ ನೆನೆಯಿರಿ. ಅಳಿಸಿಹೋದ ಗುರುತನ್ನು ಯಾವ ಕುಶಲಕರ್ಮಿಯೂ ಮರಳಿ ತರಲಾರ.