ಕೊಳಕುಮಂಡಲದ ವಿಷ, ಹನ್ನೆರಡು ವಾರದ ಕಾಯುವಿಕೆ

ಬೀದರ್, ಕಲಬುರಗಿ, ರಾಯಚೂರಿನವರಿಗೆ ದೊಡ್ಡ ಆಸ್ಪತ್ರೆ ಎಂದರೆ ಇವತ್ತಿಗೂ ಬೆಂಗಳೂರಿಗಿಂತ ಮೊದಲು ನೆನಪಾಗುವುದು ಹೈದರಾಬಾದೇ. 1956ರಲ್ಲಿ ರಾಜ್ಯ ಬೇರೆಯಾಯಿತು, ನಂಟು ಕಡಿಯಲಿಲ್ಲ. ಮೇಲಿಂದ ಮೇಲೆ ಬಸಿರು ಇಳಿದ ಹೆಣ್ಣುಮಗಳಾಗಲಿ, ಮೂವತ್ತರ ಹರೆಯದಲ್ಲೇ ಲಕ್ವ ಹೊಡೆದವರಾಗಲಿ ಪಂಜಗುಟ್ಟದ ನಿಮ್ಸ್‌ನಂಥ ಕಡೆಯ ರುಮಟಾಲಜಿ ವಿಭಾಗಕ್ಕೆ ಬಂದರೆ, ವೈದ್ಯರು ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಇರಬಹುದೇ ಎಂದು ರಕ್ತ ಪರೀಕ್ಷೆ ಬರೆಯುತ್ತಾರೆ. ದೇಹ ತನ್ನ ಮೇಲೆಯೇ ಪ್ರತಿಕಾಯ ತಯಾರಿಸಿಕೊಂಡು, ರಕ್ತನಾಳದೊಳಗೆ ಹೆಪ್ಪುಗಟ್ಟಿಸಿಕೊಳ್ಳುವ ಕಾಯಿಲೆ ಇದು.

ಈ ಪರೀಕ್ಷೆಯ ಬೇರು ಇರುವುದು ಸಿಫಿಲಿಸ್‌ನಲ್ಲಿ. 1906ರಲ್ಲಿ ವಾಸರ್‌ಮನ್ ಸಿಫಿಲಿಸ್ ಪತ್ತೆಗೊಂದು ರಕ್ತ ಪರೀಕ್ಷೆ ರೂಪಿಸಿದ. ಅದಕ್ಕೆ ಎತ್ತಿನ ಹೃದಯದ ಸಾರವೂ ಸಾಕು ಎಂದು ಆಮೇಲೆ ಗೊತ್ತಾಯಿತು. 1941ರಲ್ಲಿ ಮೇರಿ ಪ್ಯಾಂಗ್‌ಬಾರ್ನ್ ಅದರಿಂದಲೇ ಕಾರ್ಡಿಯೋಲಿಪಿನ್ ಎಂಬ ಫಾಸ್ಫೋಲಿಪಿಡ್, ಅಂದರೆ ಕೊಬ್ಬಿನಂಥ ವಸ್ತುವನ್ನು ಬೇರ್ಪಡಿಸಿದರು. ಆದರೆ ಆ ರೋಗ ಇಲ್ಲದವರಿಗೂ ಪರೀಕ್ಷೆ 'ಪಾಸಿಟಿವ್' ಬರತೊಡಗಿತು. ಮದುವೆಯಾಗಬೇಕಾದ ಹುಡುಗಿಗೆ ಇಂಥ ಚೀಟಿ ಕೈಗೆ ಬಂದರೆ ಮನೆಯಲ್ಲಿ ಏನಾಗಿರಬಹುದು, ಯೋಚಿಸಿ. ಅಂಥವರಲ್ಲಿ ಹಲವರಿಗೆ ಮುಂದೆ ಲೂಪಸ್ ಎಂಬ, ದೇಹ ತನ್ನ ಮೇಲೆಯೇ ತಿರುಗಿಬೀಳುವ ಇನ್ನೊಂದು ಕಾಯಿಲೆ ಕಾಣಿಸಿಕೊಂಡಿತು.

1952ರಲ್ಲಿ ಕಾನ್ಲಿ ಮತ್ತು ಹಾರ್ಟ್‌ಮನ್, ಲೂಪಸ್ ರೋಗಿಗಳ ರಕ್ತ ಗಾಜಿನ ಕೊಳವೆಯಲ್ಲಿ ತಡವಾಗಿ ಹೆಪ್ಪುಗಟ್ಟುವುದನ್ನು ವರದಿ ಮಾಡಿದರು. ಹಾಗಾದರೆ ರಕ್ತ ಸೋರಬೇಕಿತ್ತು. 1963ರ ಹೊತ್ತಿಗೆ ಕಂಡದ್ದು ತದ್ವಿರುದ್ಧ: ಇವರಿಗೇ ಒಳಗೆ ಹೆಪ್ಪುಗಟ್ಟುತ್ತಿತ್ತು. ಕೊಳವೆಯಲ್ಲಿ ಹೆಪ್ಪುಗಟ್ಟಲು ಬೇಕಾದ ಫಾಸ್ಫೋಲಿಪಿಡ್ ಅನ್ನು ಪ್ರತಿಕಾಯ ಹಿಡಿದಿಟ್ಟುಕೊಳ್ಳುತ್ತದೆ. ದೇಹದೊಳಗೆ ಅದೇ ಪ್ರತಿಕಾಯ ನಾಳದ ಒಳಪದರವನ್ನೂ ಪ್ಲೇಟ್‌ಲೆಟ್‌ಗಳನ್ನೂ ಕೆರಳಿಸುತ್ತದೆ. ಈ ಪ್ರತಿಕಾಯಕ್ಕೆ 1972ರಲ್ಲಿ ಬಿದ್ದ 'ಲೂಪಸ್ ಆಂಟಿಕೊಯಾಗುಲೆಂಟ್' ಎಂಬ ಹೆಸರು ಇಂದಿಗೂ ರೋಗಿಗಳನ್ನು ದಾರಿ ತಪ್ಪಿಸುತ್ತಿದೆ. ಅದಿರುವ ಎಲ್ಲರಿಗೂ ಲೂಪಸ್ ಇರುವುದಿಲ್ಲ, ಹೆಪ್ಪನ್ನು ಅದು ತಡೆಯುವುದೂ ಇಲ್ಲ.

1983ರಲ್ಲಿ ಲಂಡನ್ನಿನ ಗ್ರಹಾಂ ಹ್ಯೂಸ್ ತಂಡ ಕಾರ್ಡಿಯೋಲಿಪಿನ್ ಪ್ರತಿಕಾಯವನ್ನು ಅಳೆಯುವ ಪರೀಕ್ಷೆ ಕೊಟ್ಟಿತು. 1990ರಲ್ಲಿ, ಆ ಪ್ರತಿಕಾಯ ಅಂಟಿಕೊಳ್ಳುವುದರಲ್ಲಿ ಬೀಟಾ-2 ಗ್ಲೈಕೊಪ್ರೋಟೀನ್ ಎಂಬ ಪ್ರೋಟೀನಿನ ಪಾತ್ರ ಬೆಳಕಿಗೆ ಬಂತು.

ನನಗೆ ಇವೆಲ್ಲಕ್ಕಿಂತ ಹತ್ತಿರವೆನಿಸುವುದು 1986ರಲ್ಲಿ ಪ್ರಕಟವಾದ ಹಾವಿನ ವಿಷದ ಪರೀಕ್ಷೆ. ಆ ಹಾವು ನಮ್ಮ ಹೊಲದ ಕೊಳಕುಮಂಡಲ, ತೆಲುಗಿನವರ ರಕ್ತಪಿಂಜರ. ವಿಶಾಖಪಟ್ಟಣದಲ್ಲಿದ್ದ ಪ್ಯಾಟ್ರಿಕ್ ರಸೆಲ್ 1796ರಲ್ಲಿ ಕೋರಮಂಡಲ ತೀರದ ಹಾವುಗಳ ಗ್ರಂಥ ಪ್ರಕಟಿಸಿದ. ಇಂಗ್ಲಿಷಿನಲ್ಲಿ ಈ ಹಾವಿಗೆ ಅವನದೇ ಹೆಸರು. ಕಚ್ಚಿದರೆ ರಕ್ತವನ್ನೇ ಕೆಡಿಸುವ ಆ ವಿಷ, ಹೆಪ್ಪುಗಟ್ಟುವ ಸರಣಿಯ ಹತ್ತನೇ ಅಂಶವನ್ನು ನೇರವಾಗಿ ಎಬ್ಬಿಸುತ್ತದೆ. ತೆಳು ಮಾಡಿದ ವಿಷವನ್ನು ಪ್ಲಾಸ್ಮಾಕ್ಕೆ ಸೇರಿಸಿ ಸಮಯ ನೋಡುತ್ತಾರೆ. ತಡವಾಯಿತೆಂದರೆ ಫಾಸ್ಫೋಲಿಪಿಡ್ ಹೆಚ್ಚಿಗೆ ಸುರಿದು ಮತ್ತೆ ನೋಡುತ್ತಾರೆ. ಆಗ ಸಮಯ ಇಳಿದರೆ ಪ್ರತಿಕಾಯ ಸಿಕ್ಕಿಬಿದ್ದಂತೆ.

ಎಡವಟ್ಟು ಆಗುವುದು ಇದಕ್ಕೂ ಮೊದಲೇ. ಸಿಟ್ರೇಟ್ ಹಾಕಿದ ನೀಲಿ ಮುಚ್ಚಳದ ಕೊಳವೆಯಲ್ಲಿ ತೆಗೆದ ರಕ್ತವನ್ನು ಎರಡು ಸಲ ಗಿರಕಿ ಹೊಡೆಸಬೇಕು. ಇಲ್ಲದಿದ್ದರೆ ಉಳಿದ ಪ್ಲೇಟ್‌ಲೆಟ್‌ಗಳು ಫಾಸ್ಫೋಲಿಪಿಡ್ ಬಿಟ್ಟುಕೊಟ್ಟು ಪ್ರತಿಕಾಯವನ್ನು ಮರೆಮಾಡುತ್ತವೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಹೆಪಾರಿನ್ ತೆಗೆದುಕೊಳ್ಳುತ್ತಿದ್ದರೆ ಫಲಿತಾಂಶವನ್ನು ನಂಬುವುದು ಕಷ್ಟ. ಅದನ್ನು ಲ್ಯಾಬಿನವರಿಗೆ ಹೇಳಲೇಬೇಕು.

ಸೋಂಕು ಬಂದಾಗಲೂ ಈ ಪ್ರತಿಕಾಯ ಕೆಲಕಾಲ ಹುಟ್ಟಿ ಮಾಯವಾಗುತ್ತದೆ. ಹಾಗಾಗಿ ಒಮ್ಮೆ ಪಾಸಿಟಿವ್ ಬಂದರೆ ಸಾಲದು. 1999ರ ಮಾನದಂಡ ಎರಡು ಪರೀಕ್ಷೆಗಳ ನಡುವೆ ಆರು ವಾರ ಕೇಳಿತ್ತು. 2006ರದ್ದು ಅದನ್ನು ಹನ್ನೆರಡಕ್ಕೆ ಏರಿಸಿತು. 2023ರ ಹೊಸ ಮಾನದಂಡ, ಮುಖ್ಯವಾಗಿ ಸಂಶೋಧನೆಗಾಗಿ, ಅಂಕಗಳ ಲೆಕ್ಕ ತಂದಿತು. ವಿಜ್ಞಾನಕ್ಕೆ ಸರಿ, ಆದರೆ ಬೀದರಿನ ಕೂಲಿಯವಳಿಗೆ ಹನ್ನೆರಡು ವಾರದ ಮೇಲೆ ಮತ್ತೊಮ್ಮೆ ಬಸ್ ಚಾರ್ಜು, ಮತ್ತೊಂದು ದಿನದ ಕೂಲಿ ಖೋತಾ. ಎರಡನೇ ಪರೀಕ್ಷೆಯ ತಾರೀಖನ್ನು ಮೊದಲ ದಿನದ ಚೀಟಿಯಲ್ಲೇ ದಪ್ಪಕ್ಷರದಲ್ಲಿ ಬರೆದುಕೊಡಬೇಕು. ಪ್ಲಾಸ್ಮಾ ಬೇರ್ಪಡಿಸಿ ಘನೀಕರಿಸಿ ಕಳಿಸುವ ಏರ್ಪಾಡು ಬೀದರಿನಲ್ಲೇ ಆಗಬೇಕು. ಎರಡನೆಯದೂ ಪಾಸಿಟಿವ್ ಬಂದರೆ ಮುಂದಿನ ಬಸಿರಿನಲ್ಲಿ ವಾರ್ಫರಿನ್ ಬಿಟ್ಟು, ಸಣ್ಣ ಪ್ರಮಾಣದ ಆಸ್ಪಿರಿನ್ ಜತೆಗೆ ಹೆಪಾರಿನ್ ಕೊಡುತ್ತಾರೆ. ಆ ಸೂಜಿಯನ್ನು ಹೊಟ್ಟೆಯ ಚರ್ಮಕ್ಕೆ ತಾನೇ ಚುಚ್ಚಿಕೊಳ್ಳುವುದನ್ನು ಅವಳು ಮನೆಯಲ್ಲೇ ಕಲಿಯಬಹುದು.