ಅಟ್ಟದ ಮೇಲಿನ ಟೇಪು

2022ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನ ಮಿಕ್ ಹ್ಯಾರಿಸ್ ತನ್ನ ಹಳೇ ಸೈಡ್ ಪ್ರಾಜೆಕ್ಟಿಗೆ ಮತ್ತೆ ಜೀವ ಕೊಟ್ಟ. ಹೆಸರು ‘ಲಲ್’. ಅದರ ಹಿಂದಿನ ಆಲ್ಬಂ ಬಂದಿದ್ದು 2008ರಲ್ಲಿ. ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆಯ ನಮಗೆ ಈ ಸುದ್ದಿ ಕಟ್ಟಿಕೊಂಡು ಏನಾಗಬೇಕು ಮಾರಾಯ್ರೆ ಅಂತ ನೀವು ಕೇಳಬಹುದು. ಆದರೆ ಈ ಸಂಗೀತದ ಜಾಡು ಹಿಡಿದು ಹಿಂದಕ್ಕೆ ನಡೆದರೆ ದಾರಿ ಧಾರವಾಡ ಸೀಮೆಗೆ ಬಂದು ಮುಟ್ಟುತ್ತೆ. ಅಲ್ಲಿಂದ ನಮ್ಮ ನಮ್ಮ ಮನೆಯ ಅಟ್ಟಕ್ಕೂ ಒಂದು ಕಾಲುದಾರಿ ಇದೆ. ಅದಕ್ಕೇ ಬರೀತಾ ಇದ್ದೇನೆ.

ಈ ಬಗೆಯ ಸಂಗೀತಕ್ಕೆ ಡಾರ್ಕ್ ಆಂಬಿಯೆಂಟ್ ಅಂತಾರೆ. ಹಾಡಿಲ್ಲ, ತಾಳವಿಲ್ಲ, ಗುನುಗೋಕೆ ಒಂದು ಧಾಟಿಯೂ ಸಿಗಲ್ಲ. ತಗ್ಗಿನ ಸ್ಥಾಯಿಯಲ್ಲಿ ‘ಗುಂಯ್’ ಅನ್ನೋ ಒಂದು ಸದ್ದು ಹತ್ತಿಪ್ಪತ್ತು ನಿಮಿಷ ನಿಂತೇ ಇರುತ್ತೆ, ನಿಂತಲ್ಲೇ ನಿಧಾನಕ್ಕೆ ಬಣ್ಣ ಬದಲಿಸುತ್ತೆ. ಪೇಟೆಯವರಿಗೆ ಇದನ್ನು ವಿವರಿಸೋದು ಕಷ್ಟ, ಮಲೆನಾಡಿನವರಿಗೆ ಸುಲಭ. ಆಷಾಢದ ರಾತ್ರಿ, ಕರೆಂಟು ಹೋಗಿ ಮೂರು ದಿನ ಆಗಿದೆ, ಹಂಚಿನ ಮೇಲೆ ಜಡಿಮಳೆ, ದೂರದಲ್ಲಿ ಹಳ್ಳ ತುಂಬಿ ಹರಿಯೋ ಮೊರೆತ. ಆ ಮೊರೆತವನ್ನಷ್ಟೇ ಕೇಳ್ತಾ ಮಲಗಿದ್ದೀರಿ ಅಂದುಕೊಳ್ಳಿ. ಹೆಚ್ಚುಕಮ್ಮಿ ಅದೇ.

ಹ್ಯಾರಿಸ್ ಇಲ್ಲಿಗೆ ಬಂದ ದಾರಿ ಮಾತ್ರ ಪೂರ್ತಿ ಉಲ್ಟಾ. ಅವನು ನೇಪಾಮ್ ಡೆತ್ ಅನ್ನೋ ತಂಡದ ಡ್ರಮ್ಮರ್ ಆಗಿದ್ದ. 1987ರ ಅವರ ‘ಸ್ಕಮ್’ ಆಲ್ಬಂನಲ್ಲಿ ಒಂದು ಹಾಡಿದೆ, ಅದರ ಉದ್ದ ಒಂದೂಕಾಲು ಸೆಕೆಂಡಿಗಿಂತ ಚೂರು ಹೆಚ್ಚು. ಜಗತ್ತಿನ ಅತಿ ಚಿಕ್ಕ ಹಾಡು ಅಂತ ಗಿನ್ನೆಸ್ ದಾಖಲೆಗೂ ಸೇರಿತು. ಅಂಥ ವೇಗದಲ್ಲಿ ಬಾರಿಸ್ತಿದ್ದವನು 1991ರಲ್ಲಿ ತಂಡ ಬಿಟ್ಟು ಸ್ಕಾರ್ನ್ ಅನ್ನೋ ಹೊಸ ತಂಡ ಕಟ್ಟಿದ. ಅದರ ಪಕ್ಕದಲ್ಲೇ, ಡ್ರಮ್ಮನ್ನೇ ಮುಟ್ಟದೆ ‘ಲಲ್’ ಶುರುಮಾಡಿದ. 1996ರ ಒಂದು ಆಲ್ಬಂನಲ್ಲಿ ಇರೋದು ಒಂದೇ ಒಂದು ಟ್ರ್ಯಾಕ್, ಸುಮಾರು ಒಂದು ಗಂಟೆ! 2011ರಲ್ಲಿ ಸ್ಕಾರ್ನ್ ನಿಂತುಹೋಯಿತು, 2019ರಲ್ಲಿ ವಾಪಸ್ ಬಂತು. ಹಿಂದೆಯೇ ಲಲ್ ಕೂಡ.

ಸೈಡ್ ಪ್ರಾಜೆಕ್ಟ್ ಅಂದರೆ ನಮಗೆ ಹೊಸದೇನಲ್ಲ. ಹಗಲು ಮೇಷ್ಟ್ರು, ರಾತ್ರಿ ತಾಳಮದ್ದಳೆಯ ಅರ್ಥಧಾರಿ. ಬೆಳಿಗ್ಗೆ ತೋಟಕ್ಕೆ ಔಷಧಿ ಹೊಡೆದು ಬಂದವರು ಸಂಜೆ ಮದ್ದಳೆ ಮುಂದಿಟ್ಟುಕೊಂಡು ಕೂರೋದು. ಪಕ್ಕದ ಕೆಲಸಕ್ಕೆ ಒಂದು ಅನುಕೂಲ ಇದೆ. ಅದು ಅಕ್ಕಿ ತಂದು ಹಾಕಬೇಕಿಲ್ಲ, ಹಾಗಾಗಿ ಹತ್ತು ವರ್ಷ ಮಲಗಿದ್ದರೂ ಯಾರೂ ಎಬ್ಬಿಸಲ್ಲ. ಆದರೆ ಅದೇ ಕಾರಣಕ್ಕೆ ಅದು ಸತ್ತುಹೋದರೂ ಯಾರಿಗೂ ಗೊತ್ತಾಗಲ್ಲ.

ಇನ್ನು ‘ಇಂಡಸ್ಟ್ರಿಯಲ್’ ಅನ್ನೋ ಹೆಸರು. ಇದು ಬಂದಿದ್ದು ಲಂಡನ್ನಿನ ಥ್ರಾಬಿಂಗ್ ಗ್ರಿಸಲ್ ಅನ್ನೋ ನಾಲ್ವರ ತಂಡದಿಂದ. 1975ರಲ್ಲಿ ಕಟ್ಟಿದ್ದು. ಮರುವರ್ಷ ತಮ್ಮದೇ ರೆಕಾರ್ಡ್ ಕಂಪನಿ ಮಾಡಿ ಅದಕ್ಕೆ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಅಂತ ಹೆಸರಿಟ್ಟರು. ಕೈಯಾರೆ ಕಟ್ಟಿದ ಸಿಂಥಸೈಜರ್, ಟೇಪು ಕತ್ತರಿಸಿ ಅಂಟಿಸಿದ ಸದ್ದು, ಕಾರ್ಖಾನೆಯ ಗಲಾಟೆ. 1981ರಲ್ಲಿ ಅವರೂ ಬೇರೆಯಾದರು, 2004ರಲ್ಲಿ ಮತ್ತೆ ಸೇರಿದರು.

ಗಲಾಟೆಯ ಮೂಲ ಕಾರ್ಖಾನೆ. ಸರಿ, ಆ ‘ಗುಂಯ್’ ಎಲ್ಲಿಂದ ಬಂತು? ‘ಆಂಬಿಯೆಂಟ್’ ಅನ್ನೋ ಹೆಸರನ್ನು 1978ರಲ್ಲಿ ಚಾಲ್ತಿಗೆ ತಂದಿದ್ದು ಬ್ರಯಾನ್ ಈನೋ. ಅವನಿಗೂ ಮೊದಲೇ ನ್ಯೂಯಾರ್ಕಿನಲ್ಲಿ ಲಾ ಮಾಂಟ್ ಯಂಗ್ ಅನ್ನೋ ಸಂಯೋಜಕ ಒಂದೊಂದು ಸ್ವರವನ್ನು ಗಂಟೆಗಟ್ಟಲೆ ಹಿಡಿದು ನಿಲ್ಲಿಸ್ತಿದ್ದ. ಭಾರತೀಯ ಸಂಗೀತದ ರೆಕಾರ್ಡು ಕೇಳಿ ತಂಬೂರಿಗೆ ಮಾರುಹೋದವನು. 1970ರಲ್ಲಿ ಪಂಡಿತ್ ಪ್ರಾಣನಾಥ್ ಅಲ್ಲಿಗೆ ಹೋದಾಗ ಅವರ ಶಿಷ್ಯನಾಗಿಬಿಟ್ಟ. ಟೆರ್ರಿ ರೈಲಿ ಅನ್ನೋ ಇನ್ನೊಬ್ಬ ದೊಡ್ಡ ಸಂಯೋಜಕನೂ ಅವರ ಹತ್ತಿರ ಕಲಿತ.

ಪ್ರಾಣನಾಥರದು ಕಿರಾನಾ ಘರಾನಾ. ಗುರು ಅಬ್ದುಲ್ ವಹೀದ್ ಖಾನ್. ಆ ವಹೀದ್ ಖಾನರ ದಾಯಾದಿಯೇ ಅಬ್ದುಲ್ ಕರೀಂ ಖಾನ್, ಮೀರಜಿನಲ್ಲಿ ನೆಲೆಸಿದವರು. ಕರೀಂ ಖಾನರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವ, ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಅಂದರೆ ನಾವು ರೇಡಿಯೊದಲ್ಲಿ ಕೇಳಿ ತಲೆದೂಗಿದ ಭೀಮಸೇನರು, ನ್ಯೂಯಾರ್ಕಿನ ಆ ‘ಗುಂಯ್’ಗೆ ಶ್ರುತಿ ಹೇಳಿಕೊಟ್ಟ ಪ್ರಾಣನಾಥರು, ಇಬ್ಬರೂ ಒಂದೇ ಘರಾನೆಯವರು. ಒಂದೊಂದೇ ಸ್ವರವನ್ನು ಹಿಡಿದು ನಿಂತು ಅದರ ಒಳಗೆ ಇಳಿಯೋದು ಈ ಘರಾನೆಯ ಗುಣ. ಹ್ಯಾರಿಸ್‌ಗೆ ಕುಂದಗೋಳ ಎಲ್ಲಿದೆ ಅಂತ ಗೊತ್ತಿರಬೇಕು ಅಂತೇನಿಲ್ಲ. ನೀರು ಯಾವ ಗುಡ್ಡದ್ದು ಅಂತ ಹಳ್ಳಕ್ಕೆ ಗೊತ್ತಿರುತ್ತಾ?

ಯಂತ್ರದ ಕಡೆಯಿಂದ ನೋಡಿದರೂ ನಾವು ಹಿಂದೆ ಬಿದ್ದವರಲ್ಲ. ತಂಬೂರಿಯನ್ನೇ ಪುಟ್ಟ ಎಲೆಕ್ಟ್ರಾನಿಕ್ ಡಬ್ಬಿಯೊಳಗೆ ಕೂರಿಸಿದವರು ಬೆಂಗಳೂರಿನ ಜಿ. ರಾಜ್ ನಾರಾಯಣ್. ಓದಿನಿಂದ ಎಂಜಿನಿಯರ್, ಜೊತೆಗೆ ಕೊಳಲು ವಾದಕರು. ಅವರ ರಾಡೆಲ್ ಕಂಪನಿಯ ಶ್ರುತಿಪೆಟ್ಟಿಗೆ ಇವತ್ತು ಸಂಗೀತದ ಪಾಠ ನಡೆಯೋ ಎಷ್ಟೋ ಮನೆಗಳಲ್ಲಿದೆ. ಅಹಮದಾಬಾದಿನ ಕಥೆ ಇನ್ನೂ ಹಿಂದಿನದು. 1969ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು ಮೂಗ್ ಸಿಂಥಸೈಜರ್ ಇಟ್ಟು ಸ್ಟುಡಿಯೊ ಕಟ್ಟಿಕೊಟ್ಟ. ಗೀತಾ ಸಾರಾಭಾಯ್, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಇನ್ನೂ ವಿದ್ಯಾರ್ಥಿಯಾಗಿದ್ದ ಜಿನರಾಜ್ ಜೋಶಿಪುರ ಸೇರಿ ವಿಚಿತ್ರ ಸದ್ದುಗಳನ್ನು ಟೇಪಿಗೆ ಇಳಿಸಿದರು. ವಿನ್ಯಾಸ ಕಲಿಸೋ ಜಾಗದಲ್ಲಿ ಇದೊಂದು ಪಕ್ಕದ ಕೆಲಸ. 1972ರ ಹೊತ್ತಿಗೆ ನಿಂತೇಹೋಯಿತು. ಮುಂದೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅದರ ಸುದ್ದಿಯೇ ಇಲ್ಲ.

ಆ ಟೇಪುಗಳನ್ನು ಕಪಾಟಿನಿಂದ ಹೊರಗೆ ತಂದವನು ಪಾಲ್ ಪರ್ಗಾಸ್. ಅವನೂ ಎಂಪ್ಟಿಸೆಟ್ ಅನ್ನೋ ಜೋಡಿಯಲ್ಲಿ ಇಂಥದ್ದೇ ಗಡಸು ಎಲೆಕ್ಟ್ರಾನಿಕ್ ಸಂಗೀತ ಮಾಡೋನು. 2023ರಲ್ಲಿ ಅವುಗಳಲ್ಲಿ ಕೆಲವು ಆಲ್ಬಂ ಆಗಿ ಬಂದವು. ಥ್ರಾಬಿಂಗ್ ಗ್ರಿಸಲ್ ಹುಟ್ಟೋ ಮೊದಲೇ ನಮ್ಮ ದೇಶದಲ್ಲಿ ಇಂಥ ಸದ್ದು ಮಾಡ್ತಿದ್ದರು ಅನ್ನೋದನ್ನು ಕಿವಿಯಾರೆ ಕೇಳೋಕೆ ಸಾಧ್ಯವಾಗಿದ್ದು ಹೀಗೆ.

ಎರಡು ವಾಪಸಾತಿಗೂ ಒಂದು ವ್ಯತ್ಯಾಸ ಇದೆ, ನನ್ನ ಮಟ್ಟಿಗೆ ಮುಖ್ಯವಾದದ್ದು. ಹ್ಯಾರಿಸ್ ವಾಪಸ್ ಬಂದಿದ್ದು ಮನುಷ್ಯ ಬದುಕಿದ್ದ ಅಂತ. ಅಹಮದಾಬಾದಿನ ಸಂಗೀತ ವಾಪಸ್ ಬಂದಿದ್ದು ಟೇಪು ಉಳಿದಿತ್ತು ಅಂತ. ಮನುಷ್ಯನೂ ಇಲ್ಲ, ಟೇಪೂ ಇಲ್ಲ ಅಂದರೆ ವಾಪಸ್ ಬರೋದಕ್ಕೆ ಏನೂ ಇರಲ್ಲ.

ಈಗ ನಮ್ಮ ಕಡೆ ನೋಡಿ. ಎನ್.ಆರ್.ಪುರದಾಚೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಅದರ ಕುಲುಮೆ ಉರಿದಿದ್ದು ಮಲೆನಾಡಿನ ಮರದ ಇದ್ದಿಲಿನಿಂದ. ಶೃಂಗೇರಿಯಿಂದ ತೆಂಕಲಿಗೆ ಕುದುರೆಮುಖದಲ್ಲಿ ಗುಡ್ಡ ಕಡಿದು, ಅದಿರನ್ನು ಕೆಸರು ಮಾಡಿ, ಕೊಳವೆಯಲ್ಲಿ ಮಂಗಳೂರಿಗೆ ಹರಿಸ್ತಿದ್ದರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಅದು ನಿಂತಿತು. ನಿಂತಿದ್ದು ಒಳ್ಳೇದೇ ಆಯಿತು ಅನ್ನೋನು ನಾನು. ಆದರೂ ಲಂಡನ್ನಿನವರು ತಮ್ಮ ಕಾರ್ಖಾನೆಯ ಸದ್ದನ್ನು ಕಲೆಯಾಗಿ ಇಟ್ಟುಕೊಂಡ ಹಾಗೆ, ಆ ಯಂತ್ರಗಳ ಸದ್ದನ್ನೋ, ಅವು ನಿಂತ ಮಾರನೇ ದಿನ ಆ ಕಣಿವೆಯಲ್ಲಿದ್ದ ಮೌನವನ್ನೋ ಹಿಡಿದಿಟ್ಟುಕೊಳ್ಳಬೇಕು ಅಂತ ನಮಗ್ಯಾರಿಗೆ ಅನ್ನಿಸಿತ್ತು ಹೇಳಿ?

ನಾವು ರೆಕಾರ್ಡ್ ಮಾಡಿದ್ದು ಬೇರೆ. ದೇವಸ್ಥಾನದ ಅಂಗಳದಲ್ಲಿ ನಡೆದ ತಾಳಮದ್ದಳೆ, ಅಜ್ಜಿಯ ಶೋಭಾನೆ ಪದ, ಮದುವೆ ಮನೆಯ ನಾದಸ್ವರ. ಟೂ-ಇನ್-ಒನ್ ಮುಂದಿಟ್ಟು, ಅರವತ್ತು ನಿಮಿಷದ ಕ್ಯಾಸೆಟ್ ಹಾಕಿ ಒತ್ತಿದ್ದು. ಹಿಂದೆ ಮಳೆ, ಕೆಮ್ಮು, ನಾಯಿ, ಯಾರೋ ಕಾಫಿ ಬೇಕಾ ಅಂತ ಕೇಳಿದ್ದು ಎಲ್ಲ ಅದರೊಳಗಿದೆ. ನಮ್ಮೂರಿನ ಅಸಲಿ ಆಂಬಿಯೆಂಟ್ ಅದೇ. ಅವೆಲ್ಲ ಈಗ ಅಟ್ಟದ ಮೇಲೆ, ಹಳೇ ಬಿಸ್ಕತ್ತಿನ ಡಬ್ಬದಲ್ಲಿ ಇವೆ. ನಮ್ಮ ಮನೆಯ ಡಬ್ಬದಲ್ಲಿ ಹದಿನೇಳು ಸಿಕ್ಕವು, ಐದಕ್ಕೆ ಆಗಲೇ ಬೂಷ್ಟು ಹಿಡಿದಿತ್ತು. ನಮ್ಮ ಮಳೆಗಾಲದ ಥಂಡಿಗೆ ಚಪ್ಪಲಿಗೇ ಬೂಷ್ಟು ಬರುತ್ತೆ, ಇನ್ನು ಟೇಪು ಯಾವ ಲೆಕ್ಕ.

ಬೂಷ್ಟು ಹಿಡಿದದ್ದನ್ನು ಹಾಗೇ ಪ್ಲೇಯರ್‌ಗೆ ತುರುಕಬೇಡಿ. ಟೇಪು ಅಂಟಿಕೊಂಡು ಹರಿಯಬಹುದು, ಹೆಡ್ಡಿಗೂ ಬೂಷ್ಟು ಮೆತ್ತಿ ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತೆ. ಬೇಸಿಗೆಯಲ್ಲಿ ನೆರಳಲ್ಲಿ ಒಣಗಿಸಿ, ಕೆಲಸ ಗೊತ್ತಿದ್ದವರ ಕೈಲಿ ಶುಚಿ ಮಾಡಿಸಿ. ಚೆನ್ನಾಗಿರೋದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಒಂದು ಗಂಟೆಯ ಟೇಪಿಗೆ ಒಂದು ಗಂಟೆ ಹಿಡಿಯುತ್ತೆ, ಅಡ್ಡದಾರಿ ಇಲ್ಲ. ಡಬ್ಬದ ಮೇಲೆ ಊರು, ಇಸವಿ, ಯಾರ ದನಿ ಅಂತ ಬರೆದಿಡಿ, ಆ ದನಿ ಯಾರದು ಅಂತ ಗುರುತಿಸೋವ್ರು ಮನೆಯಲ್ಲಿ ಇರುವಾಗಲೇ.

ಈ ವರ್ಷದ ಮಳೆಗಾಲಕ್ಕೆ ಮುಂಚೆ ಒಮ್ಮೆ ಅಟ್ಟ ಹತ್ತಿ.